ಹಕ್ಕಿಗಳಿಗೆ ಬೆನ್ನು ಮಾಡಿ ನಿಂತವರು

ಚಳಿಗಾಲದ ಸಂಜೆ ಐದೂಕಾಲಿಗೆ ನಾನು ಮನೆ ಬಿಡುತ್ತೇನೆ. ಹೊರಡುವ ಮೊದಲು ರಾತ್ರಿಯ ರೊಟ್ಟಿಗೆ ಹಿಟ್ಟು ಸಾಣಿಸಿಟ್ಟು, ದೇವರ ದೀಪಕ್ಕೆ ಎಣ್ಣೆ ಹಾಕಿ, ಗ್ಯಾಸ್ ಬಂದ್ ಮಾಡಿ, ಬಾಗಿಲ ಕೊಂಡಿಯನ್ನು ಎರಡು ಸಲ ಎಳೆದು ನೋಡಿರುತ್ತೇನೆ. ಐದೂವರೆಗೆ ಕೆರೆಯ ದಂಡೆಯ ಮೂರನೆಯ ಬೆಂಚಿನ ಮೇಲಿರುತ್ತೇನೆ. ಅಲ್ಲಿಂದ ಹತ್ತು ನಿಮಿಷಕ್ಕೆ ಭೋರಡಿಗಳು ಬರುತ್ತವೆ. ಪುಸ್ತಕಗಳಲ್ಲಿ ಈ ಹಕ್ಕಿಗೆ ಗುಲಾಬಿ ಕಬ್ಬಕ್ಕಿ ಎಂಬ ಚಂದದ ಹೆಸರಿದೆ; ಸೊಲ್ಲಾಪುರದಲ್ಲಿ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ಮೊದಲು ಬಟ್ಟೆ ಗಿರಣಿಯ ಹಳೆಯ ಚಿಮಣಿಯ ಕಡೆಯಿಂದ ಒಂದು ಹಿಂಡು, ಆಮೇಲೆ ಅಕ್ಕಲಕೋಟ ರಸ್ತೆಯ ಕಡೆಯಿಂದ ಇನ್ನೊಂದು, ಹೀಗೆ ಸುತ್ತಲಿನ ಜೋಳದ ಹೊಲಗಳಲ್ಲಿ ಹೊಟ್ಟೆ ತುಂಬಿಸಿಕೊಂಡ ಹಿಂಡುಗಳೆಲ್ಲ ನೀರಿನ ಮೇಲೆ ಕೂಡಿಕೊಂಡು, ಕತ್ತಲಾಗುವ ಮುನ್ನ ದಂಡೆಯ ಜಾಲಿಗಿಡಗಳಿಗೆ ಇಳಿಯುತ್ತವೆ. ಇತ್ತೀಚೆಗೆ ನೋಡಲು ಬರುವ ಜನ ಬಹಳ. ಅವರಲ್ಲಿ ಅರ್ಧದಷ್ಟು ಜನ ಹಕ್ಕಿಗಳಿಗೆ ಬೆನ್ನು ಮಾಡಿ ನಿಂತು, ಮೊಬೈಲು ಎತ್ತಿ ಹಿಡಿದು, ಅದರ ಗಾಜಿನೊಳಗೆ ತಮ್ಮ ಮುಖದ ಹಿಂದೆ ಹಾರುವುದನ್ನು ನೋಡುತ್ತಾರೆ. ಹೋದ ವಾರ ಜೊತೆಗೆ ಬಂದಿದ್ದ ಅಣ್ಣನ ಮೊಮ್ಮಗಳು ನನ್ನನ್ನು ಕೇಳಿದಳು:

“ಅಜ್ಜಿ, ಎಲ್ಲಾರೂ ಪಕ್ಷಿ ನೋಡಾಕ ಬರ್ತಾರ. ನೀ ಲೋಕರ ಮಾರಿ ಯಾಕ ಬಘಾಕತ್ತಿ?”

ಅವಳ ಕನ್ನಡ ಹೀಗೆಯೇ, ಅರ್ಧ ಮರಾಠಿ; ನೋಡುವುದಕ್ಕೆ ಬಘಾಕತ್ತಿ ಅನ್ನುತ್ತಾಳೆ. ಬೇರೆ ಮಕ್ಕಳದ್ದಾದರೆ ತಿದ್ದುತ್ತಿದ್ದೆ, ಮೂವತ್ತು ವರ್ಷ ಸಾಲೆಯಲ್ಲಿ ಅದೇ ಕೆಲಸ ಮಾಡಿದವಳು. ಅವತ್ತು ತಿದ್ದಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಮುಂದೆ ಪಡಸಾಲೆ, ಎಡಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಕಲ್ಲು ಹಾಸಿದ ಬಚ್ಚಲು. ಪಡಸಾಲೆಯ ಮೂಲೆಯಿಂದ ಹನ್ನೊಂದು ಮೆಟ್ಟಿಲು ಹತ್ತಿದರೆ ಮಣ್ಣಿನ ತೆರೆದ ಮಾಳಿಗೆ. ಅಜ್ಜನಿಗೆ ಚಾದರು, ಟವೆಲುಗಳ ಅಂಗಡಿ ಇತ್ತು. ಮನೆ ನಡೆಯುತ್ತಿದ್ದುದು ಅಜ್ಜನ ಮಾತಿನ ಮೇಲೆ, ಅಜ್ಜ ನಡೆಯುತ್ತಿದ್ದುದು ಗಿರಣಿಯ ಭೋಂಗಾ ಎಂಬ ಸೈರನ್ನಿನ ಮೇಲೆ. ಬೆಳಗಿನ ಮೊದಲ ಭೋಂಗಾ ಕೂಗಿದಾಗ ಹಾಸಿಗೆ ಸುತ್ತಿರಬೇಕು, ಎರಡನೆಯದಕ್ಕೆ ಮಕ್ಕಳ ಹಣೆಯ ಮೇಲೆ ವಿಭೂತಿ ಒಣಗಿರಬೇಕು. ಊಟಕ್ಕೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು. ರೊಟ್ಟಿ ಮುರಿಯುವುದು ಬಲಗೈಯಿಂದಲೇ. ನಡುವೆ ನೀರು ಕುಡಿಯುವುದು ಒಂದೇ ಸಲ. ಅಜ್ಜ ಅಂಗಡಿಯಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಎಡಗಡೆ ಚರಿಗೆ, ಬಲಗಡೆ ಮಡಿಚಿದ ಪಂಜೆ ಇರಬೇಕು. ಅದಲುಬದಲಾದರೆ ಅವನು ಕಾಲು ತೊಳೆಯದೆ ನಿಂತೇ ಇರುತ್ತಿದ್ದ, ಅವ್ವ ಓಡಿ ಬಂದು ಸರಿಪಡಿಸುವ ತನಕ. ಇದೆಲ್ಲ ನನಗೆ ಬಹಳ ಸೇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದುವಾಗ ನನ್ನ ಮೇಲೆ ಯಾರಿಗಾದರೂ ಕನಿಕರ ಹುಟ್ಟೀತು.

ಸಂಜೆಯ ಭೋಂಗಾ ಕೂಗಿದ ಕೂಡಲೇ ಮಕ್ಕಳು ಮಾಳಿಗೆಗೆ ಹೋಗಬೇಕು. ನಾವು ಮೂವರು: ಒಂಬತ್ತು ವರ್ಷದ ನಾನು, ಹನ್ನೊಂದರ ಅಣ್ಣ ಬಸು, ಹದಿಮೂರರ ನಂದಕ್ಕ. ನಂದಕ್ಕ ನನ್ನ ಕಾಕಾನ ಮಗಳು. ಕಾಕಾ ರೈಲ್ವೆಯಲ್ಲಿ ಕಾರಕೂನನಾಗಿ ದೌಂಡಿನಲ್ಲಿದ್ದ. ಮಗಳು ಮೆಟ್ರಿಕ್ ತನಕ ಓದಲಿ ಎಂದು ಆ ವರ್ಷ ಅವಳನ್ನು ತಂದು ನಮ್ಮಲ್ಲಿ ಬಿಟ್ಟಿದ್ದ. ಸಣ್ಣಂದಿನಿಂದ ಮರಾಠಿ ಸಾಲೆಯಲ್ಲಿ ಕಲಿತವಳು. ಮಾತು ನಮ್ಮದೇ, ಲೆಕ್ಕ ಮಾತ್ರ ಮರಾಠಿ. ಅಜ್ಜ ಅಂಗಡಿಯಲ್ಲಿ ದಿನವಿಡೀ ಮರಾಠಿಯಲ್ಲೇ ವ್ಯಾಪಾರ ಮಾಡುತ್ತಿದ್ದ, ಆದರೆ ಮಾಳಿಗೆಯ ಮೇಲೆ ಮಗ್ಗಿ ಕನ್ನಡದಲ್ಲೇ ಆಗಬೇಕು. ಬರೀ ಮಗ್ಗಿಯಲ್ಲ, ಕಾಲಿನದು ಪಾವಕಿ, ಅರೆಯದು ನಿಮಕಿ, ಒಂದೂವರೆಯದು ದೀಡಕಿ. ವ್ಯಾಪಾರದವರ ಮನೆಯ ಮಕ್ಕಳಿಗೆ ಇವು ಉಸಿರಿನಂತೆ ಬರಬೇಕು ಎಂದು ಅವನ ಹಟ. ಅವನು ಪಡುವಣಕ್ಕೆ ಮುಖ ಮಾಡಿ ಕಟ್ಟಿಗೆಯ ಕುರ್ಚಿಯ ಮೇಲೆ ಕೂಡುತ್ತಿದ್ದ. ನಾವು ಅವನೆದುರು, ಪಡುವಣಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಭೋರಡಿಗಳು ಕೂಡುತ್ತಿದ್ದುದು ಪಡುವಣದಲ್ಲಿ, ಕೆರೆಯ ಮೇಲೆ. ಕೂಡಿಕೊಂಡ ಹಿಂಡು ಒಮ್ಮೊಮ್ಮೆ ನಮ್ಮ ಓಣಿಯ ತನಕ ಬಂದು ತಲೆಯ ಮೇಲೆ ತಿರುಗಿ ಹೋಗುತ್ತಿತ್ತು. ಆಗ ಅಂಗಡಿಯಲ್ಲಿ ಅಜ್ಜ ಹೊಸ ಬಟ್ಟೆಯನ್ನು ಒಂದೇ ಏಟಿಗೆ ಹರಿಯುವಾಗ ಆಗುತ್ತಿದ್ದಂಥ ಸಪ್ಪಳ.

“ತಿರುಗಿ ನೋಡಿದ್ರ ಲೆಕ್ಕಾ ತಪ್ಪತದ. ಹಕ್ಕಿ ಎಲ್ಲೂ ಹೋಗೂದಿಲ್ಲ, ಹೊತ್ತ ಹೋಗತದ,” ಅನ್ನುತ್ತಿದ್ದ ಅಜ್ಜ.

ಹಕ್ಕಿಗಳನ್ನು ನೋಡುವ ಹಾದಿ ಒಂದೇ ಇತ್ತು. ಒಂದೂ ತಪ್ಪದೆ ಹೇಳಿದವರು ಸಾಲು ಬಿಟ್ಟು ಹೋಗಿ ಅಜ್ಜನ ಕುರ್ಚಿಯ ಬಲಕ್ಕೆ ನಿಲ್ಲಬಹುದು. ಅಲ್ಲಿ ನಿಂತವರ ಮುಖ ಪಡುವಣಕ್ಕೆ. ಇಬ್ಬರು ತಪ್ಪದೆ ಹೇಳಿದರೆ ಹಿರಿಯರಿಗೆ ಆ ಜಾಗ. ಅಲ್ಲಿ ನಿಂತವರಿಗೆ ಎರಡು ಕೆಲಸ. ಒಂದು, ಉಳಿದವರಲ್ಲಿ ಯಾರಾದರೂ ಕತ್ತು ಹೊರಳಿಸಿದರೆ ಹೇಳಬೇಕು. ಎರಡು, ತಪ್ಪಿದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕಪಾಳಕ್ಕೆ ಹೊಡೆಯಬೇಕು. ಮೂಗು ಹಿಡಿಯುವುದು ಮುಖ ಆಚೀಚೆ ಹೋಗಬಾರದೆಂದು. ಆ ಕಾಲದ ಸಾಲೆಗಳಲ್ಲೂ ಇದೇ ಪದ್ಧತಿ ಇತ್ತು. ಬಲ್ಲವರು ಅರಿಯದವರಿಗೆ ಹೊಡೆದರೆ ಮಾಸ್ತರರ ಕೈಗೆ ನೋವಿಲ್ಲ. ದೀವಳಿಗೆ ಮುಗಿದು ಹಕ್ಕಿಗಳು ಬಂದ ದಿನದಿಂದ ಆ ಜಾಗ ನನ್ನದಾಗಿತ್ತು. ಬಸು ದಿನಕ್ಕೊಂದಾದರೂ ಏಟು ತಿನ್ನುತ್ತಿದ್ದ, ನಂದಕ್ಕ ಎರಡು ಮೂರು. ನಾನು ಗಿಡ್ಡ, ನನ್ನ ಕೈ ಅವಳ ಮುಖಕ್ಕೆ ನಿಲುಕುತ್ತಿರಲಿಲ್ಲ. ಅದಕ್ಕೆ ಅವಳೇ ಮೊಣಕಾಲಿನ ಮೇಲೆ ಕೈಯಿಟ್ಟು ಬಾಗಿ ಮುಖ ಮುಂದೆ ತರುತ್ತಿದ್ದಳು. ಮೆಲ್ಲಗೆ ಹೊಡೆದರೆ ಅಜ್ಜ ಇನ್ನೊಮ್ಮೆ ಹೊಡೆಸುತ್ತಿದ್ದ. ನನಗೆ ಇನ್ನೊಮ್ಮೆ ಹೊಡೆಯುವ ಪ್ರಸಂಗ ಬರಲಿಲ್ಲ.

ಏಟು ತಿಂದವರಿಗೆ ಅಂದಿನ ಊಟದಲ್ಲಿ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಇಲ್ಲ. ಬರೀ ರೊಟ್ಟಿ, ಬೇಳೆ. ನಂದಕ್ಕನಿಗೆ ಹಿಂಡಿ ಎಂದರೆ ಪ್ರಾಣ. ಅವ್ವ ಒಂದು ದಿನ ಅವಳ ರೊಟ್ಟಿಯ ಕೆಳಗೆ ಒಂದು ಚಮಚ ಹಿಂಡಿ, ಮೇಲೆ ಎರಡು ಹನಿ ಎಣ್ಣೆ ಹಾಕಿ ಮುಚ್ಚಿಕೊಟ್ಟಳು. ನಾನು ಪಕ್ಕದಲ್ಲೇ ಕೂತಿದ್ದೆ. ಊಟ ಮುಗಿಸಿ, ಕೈ ತೊಳೆದು, ಪಡಸಾಲೆಗೆ ಹೋಗಿ ಅಜ್ಜನಿಗೆ ಹೇಳಿದೆ. ಅಜ್ಜ ಬೈಯಲಿಲ್ಲ, ಮರುದಿನದಿಂದ ಹಿಂಡಿಯ ಡಬ್ಬಿ ತನ್ನ ಕೋಣೆಯ ಕಪಾಟಿನಲ್ಲಿಟ್ಟ, ಅಷ್ಟೇ. ಪ್ರತಿ ಊಟಕ್ಕೂ ಅವ್ವ ಕೀಲಿ ಕೇಳಲು ಹೋಗಬೇಕಾಯಿತು. ಅವ್ವ ಎರಡು ದಿನ ನನ್ನ ಜಡೆ ಹಾಕಲಿಲ್ಲ. ಮೂರನೆಯ ದಿನ ಹಾಕುವಾಗ ಒಂದೇ ಮಾತು ಅಂದಳು:

“ನಿನ್ನ ಹಡದದ್ದು ನಾನಾ, ನಿಮ್ಮಜ್ಜಾ?”

ಇಷ್ಟಾದರೂ ನಂದಕ್ಕ ನನ್ನ ಮೇಲೆ ಸಿಟ್ಟಾಗಲಿಲ್ಲ. ಮಧ್ಯಾಹ್ನ ಬಚ್ಚಲಲ್ಲಿ ಪಾತ್ರೆ ತಿಕ್ಕುವುದು ಅವಳ ಪಾಲಿನ ಕೆಲಸ. ನೀರು ಹೊಯ್ಯುವುದು ನನ್ನದು. ತಿಕ್ಕುತ್ತ ಅವಳು ಹಕ್ಕಿಗಳ ಮಾತಾಡುತ್ತಿದ್ದಳು. ಬೆನ್ನು ಮಾಡಿ ನಿಲ್ಲುವವಳು ಅವಳು, ಎದುರು ನಿಲ್ಲುವವಳು ನಾನು. ಆದರೂ ಹೇಳುವವಳು ಅವಳೇ.

“ನಿನ್ನಿ ನೋಡಿದೇನ ಶಕ್ಕು? ನಿಮ್ಮವ್ವ ಹಿಟ್ಟ ನಾದಿದಾಂಗ ಆಕಾಶ ನಾದತಾವ. ಒಮ್ಮಿ ಉಂಡಿ ಮಾಡ್ತಾವ, ಒಮ್ಮಿ ರೊಟ್ಟಿ ಬಡೀತಾವ.”

“ನೀ ಹೆಂಗ ನೋಡ್ದಿ? ತಿರುಗಿದ್ದಿ?”

“ತಿರುಗಿದ್ರ ನೀ ಬಿಡತಿದ್ದೇನ, ಪೊಲೀಸಾ?”

ಅವಳು ನಕ್ಕು, ತಿಕ್ಕುತ್ತಿದ್ದ ತಾಮ್ರದ ಕೊಡವನ್ನು ಎತ್ತಿ ತೋರಿಸಿದಳು. ಹುಣಸೆಹಣ್ಣು, ಬೂದಿ ಹಚ್ಚಿ ಅವಳು ಅದನ್ನು ಎಷ್ಟು ತಿಕ್ಕಿದ್ದಳೆಂದರೆ ಅದರ ಹೊಟ್ಟೆಯಲ್ಲಿ ನನ್ನ ಮುಖವೂ, ಹಿಂದಿನ ಗೋಡೆಯೂ, ಗೋಡೆಯ ಮೇಲಿನ ಕಾಗೆಯೂ ಕಾಣುತ್ತಿದ್ದವು. ಮಧ್ಯಾಹ್ನ ತಿಕ್ಕಿದ ಕೊಡವನ್ನು ಒಣಗಲೆಂದು ಮಾಳಿಗೆಯ ಮೂಡಣ ಗೋಡೆಯ ಮೇಲೆ ಇಡುವವಳೂ ಅವಳೇ. ಸಂಜೆ ಸಾಲಿನಲ್ಲಿ ನಿಂತಾಗ ಅದು ಅಜ್ಜನ ಕುರ್ಚಿಯ ಹಿಂದೆ, ಅವಳ ಕಣ್ಣಿನ ನೇರಕ್ಕೆ ಇರುತ್ತಿತ್ತು. ಇಡೀ ಪಡುವಣ ಅದರೊಳಗೆ.

“ಗಿಡಕ್ಕ ಇಳಿಯೂದೊಂದ ಕಾಣೂದಿಲ್ಲ ನೋಡ. ಅಲ್ಲಿಗೆ ಕೊಡದ ಹೊಟ್ಟಿ ಹೊಳ್ಳತದ. ಅಜ್ಜಾಗ ಹೇಳಬ್ಯಾಡ.”

ನಾನು ಅಜ್ಜನಿಗೆ ಹೇಳಲಿಲ್ಲ. ಆ ಸಂಜೆ ಎಲ್ಲರಿಗಿಂತ ಮೊದಲು ಮಾಳಿಗೆ ಹತ್ತಿ ಕೊಡವನ್ನು ಕೆಳಗಿಳಿಸಿ ನೀರಿನ ಕಟ್ಟೆಯ ಮೇಲೆ ಇಟ್ಟೆ. ಒಣಗಿತ್ತು, ಅದರ ಜಾಗ ಅಡಿಗೆಮನೆ. ಮರುದಿನವೂ ಇಳಿಸಿಟ್ಟೆ. ಮೂರನೆಯ ದಿನದಿಂದ ನಂದಕ್ಕ ಅದನ್ನು ಮೇಲಕ್ಕೆ ಒಯ್ಯುವುದನ್ನೇ ಬಿಟ್ಟಳು. ಆದರೆ ಅವಳು ನಿಂತ ಜಾಗದಲ್ಲಿ ಕಿವಿ ಹಿಂದಕ್ಕೆ ಕೊಟ್ಟು ನಿಲ್ಲತೊಡಗಿದಳು. ಹಿಂಡು ತಲೆಯ ಮೇಲೆ ಬಂದಾಗ ಅವಳ ಕಣ್ಣಗೊಂಬೆಗಳು ಮೇಲಕ್ಕೆ ಹೋಗುತ್ತಿದ್ದವು, ಕತ್ತು ಮಾತ್ರ ಹೊರಳುತ್ತಿರಲಿಲ್ಲ. ನಾನು ಅವಳ ಕತ್ತನ್ನು ಕಾಯುತ್ತಿದ್ದೆ. ಒಂದು ಸಲ ಹೊರಳಿಸಲಿ ಎಂದು ಕಾಯುತ್ತಿದ್ದೆ.

ಮಾರ್ಗಶಿರ ಮುಗಿಯುವ ಹೊತ್ತಿಗೆ ಅಕ್ಕಲಕೋಟದಿಂದ ಅಜ್ಜನ ತಂಗಿ ಬಂದಳು. ಅವಳ ಸೊಸೆ ಬಾಣಂತಿ, ಹನ್ನೂರಿನ ತಮ್ಮ ಹೊಲದಲ್ಲಿ ಜೋಳ ತೆನೆ ಹಿಡಿಯುತ್ತಿತ್ತು, ಮನೆಗೂ ಹೊಲಕ್ಕೂ ಕೈ ಸಾಲದು. ಪಡಸಾಲೆಯಲ್ಲಿ ಚಹಾ ಬಸಿಗೆ ಸುರಿದುಕೊಳ್ಳುತ್ತ ಅವಳು ನಂದಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

“ಅಣ್ಣಾ, ಈಕಿನ್ನ ನನಗ ಕೊಡ. ಹದಿಮೂರ ವರ್ಷದಾಕಿ ಇನ್ನೂ ಮಗ್ಗಿ ಅನಕೋತ ಕುಂಡ್ರತಾಳ ಅಂದ್ರ ಸಾಲಿ ಆಕಿ ತಲಿಗೆ ಹತ್ತೂದಲ್ಲ ಬಿಡ. ಹೊಲದಾಗ ಹಕ್ಕಿ ಕಾಯಲಿ.”

ಅಜ್ಜ ಒಮ್ಮೆಲೇ ಹೂಂ ಅನ್ನುವ ಮನುಷ್ಯನಲ್ಲ. ಎಲ್ಲದಕ್ಕೂ ಒಂದು ನಿಯಮ ಬೇಕು. ನಂದಕ್ಕನನ್ನು ಮುಂದೆ ಕರೆದು ನಿಲ್ಲಿಸಿದ.

“ಭೋಗಿ ದಿನ ಕೇಳತೀನಿ. ಹನ್ನೊಂದರಿಂದ ಇಪ್ಪತ್ತರ ತನಕ ದೀಡಕಿ. ಬಂತಂದ್ರ ಸಾಲಿ, ನೀ ಹಿರೇಕಿ, ಶಕ್ಕುನ ಜಾಗಾನೂ ನಿಂದ. ತಪ್ಪಿತಂದ್ರ ಅಕ್ಕಲಕೋಟ. ಮತ್ತ ಅಳೂದು ಕರಿಯೂದು ನನಗ ಆಗೂದಿಲ್ಲ.”

ಅಲ್ಲಿಂದ ಭೋಗಿಯ ತನಕ ನಂದಕ್ಕ ರೊಟ್ಟಿ ಬಡಿಯುವಾಗಲೂ ದೀಡಕಿ, ನೀರು ಸೇದುವಾಗಲೂ ದೀಡಕಿ. ಮೊದಲು ಬಾಯಿಗೆ ಮರಾಠಿಯಲ್ಲಿ ಬರುತ್ತಿತ್ತು, ಅದನ್ನು ನುಂಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಬಚ್ಚಲಲ್ಲಿ ನನ್ನನ್ನು ಕೂಡಿಸಿಕೊಂಡು ಕೇಳಿಸಿಕೊಳ್ಳಲು ಹೇಳುತ್ತಿದ್ದಳು. ನಾನು ಕೇಳಿಸಿಕೊಂಡೆ. ಅವಳಿಗೆ ಬಂದಿತ್ತು. ಭೋಗಿಗೆ ನಾಲ್ಕು ದಿನ ಇರುವಾಗಲೇ ಪೂರ್ತಿ ಬಂದಿತ್ತು, ಅದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ಭೋಗಿಯ ದಿನ ಮನೆಯ ತುಂಬ ಹುರಿದ ಎಳ್ಳಿನ ವಾಸನೆ. ಅವ್ವ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು. ಭೋಂಗಾ ಕೂಗಿತು, ಮಾಳಿಗೆ ಹತ್ತಿದೆವು. ಅಕ್ಕಲಕೋಟದ ಅಜ್ಜಿ ಕೆಳಗೆ ಕಾಯುತ್ತಿದ್ದಳು. ಅಂದು ಬಂದಷ್ಟು ಹಕ್ಕಿ ಆ ಚಳಿಗಾಲದಲ್ಲಿ ಬಂದಿರಲಿಲ್ಲ ಎಂದು ಬಸು ಆಮೇಲೆ ಹೇಳಿದ. ಮಾಳಿಗೆಯ ಮೇಲೆ ಬಿದ್ದ ನೆರಳಿನಿಂದ ಅವನಿಗೆ ತಿಳಿಯಿತಂತೆ. ನಂದಕ್ಕ ಕೈ ಕಟ್ಟಿ ನಿಂತು ಶುರು ಮಾಡಿದಳು. ಹನ್ನೊಂದಕ್ಕೆ ಹದಿನಾರೂವರೆ. ಹನ್ನೆರಡಕ್ಕೆ ಹದಿನೆಂಟು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಒಂದೂ ತಡೆಯಲಿಲ್ಲ. ಹದಿನಾರಾದ ಮೇಲೆ ಹಿಂಡು ನಮ್ಮ ಓಣಿಯ ಮೇಲೆ ಬಂತು. ಬಟ್ಟೆ ಹರಿದ ಸಪ್ಪಳ ಆಯಿತು, ಅವಳ ಕಣ್ಣಗೊಂಬೆ ಮೇಲೆ ಹೋಯಿತು.

“ಸಾಡೆ ಪಂಚವೀಸ,” ಅಂದಳು.

ಹದಿನೇಳಕ್ಕೆ ಇಪ್ಪತ್ತೈದೂವರೆ. ಉತ್ತರ ಸರಿಯಿತ್ತು, ಮರಾಠಿಯಲ್ಲಿತ್ತು. ನಾನು ಅಜ್ಜನ ಕಡೆ ನೋಡಿದೆ. ಅಜ್ಜನಿಗೆ ಅದು ಕೇಳಿಸಿರಲಿಲ್ಲ. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬಾಯಿ ತುಸು ತೆರೆದು, ಹಕ್ಕಿಗಳನ್ನು ನೋಡುತ್ತಿದ್ದ. ಲೆಕ್ಕ ತಪ್ಪುತ್ತದೆ ಎಂದು ನಮ್ಮನ್ನು ತಿರುಗಿಸಿ ನಿಲ್ಲಿಸಿದವನು ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದನೋ ತಿಳಿಯದು. ಹಿಂಡು ದಾಟಿ ಹೋದ ಮೇಲೆ ನನ್ನತ್ತ ಹೊರಳಿದ.

“ಏನಂದ್ಳು? ಬರಾಬರ್ ಅದ ಏನ?”

ಬರಾಬರ್ ಅದ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಮೂರನ್ನು ಅವಳು ಹೇಳಿಬಿಡುತ್ತಿದ್ದಳು. ನಂದಕ್ಕ ನನ್ನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನು ಹಾಗೇ ಹೇಳುತ್ತೇನೆಂದು ಅವಳಿಗೆ ಅನ್ನಿಸಿತ್ತು. ನಾನು ನಿಂತ ಜಾಗ ಎರಡು ಹೆಜ್ಜೆ ಅಗಲ. ಆ ಎರಡು ಹೆಜ್ಜೆಯ ಬಗ್ಗೆಯೇ ನಾನು ಯೋಚಿಸಿದೆ.

“ಚೂಕ, ಅಜ್ಜಾ,” ಅಂದೆ.

ತಪ್ಪು ಎಂಬುದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದುದು ಹಾಗೆಯೇ. ಅದೂ ಮರಾಠಿಯ ಶಬ್ದ. ಬಸು ಬಾಯಿ ತೆರೆದ.

“ಅಜ್ಜಾ, ಆಕಿ ಬರಾಬರ್...”

“ನಿನ್ನ ಕೇಳಿಲ್ಲ,” ಅಜ್ಜ ಅಂದ. “ಶಕ್ಕು, ನಿನ್ನ ಕೆಲಸಾ ಮಾಡು.”

ನಂದಕ್ಕ ಮೊಣಕಾಲಿನ ಮೇಲೆ ಕೈಯಿಟ್ಟು ಬಾಗಿದಳು. ಚಳಿಗೆ ಅವಳ ಮೂಗು ತಣ್ಣಗಿತ್ತು. ನಾನು ಪದ್ಧತಿಯ ಪ್ರಕಾರ ಹೊಡೆದೆ. ಅವಳು ನೆಟ್ಟಗಾದವಳು, ಒಂದು ಸಲ ಪೂರ್ತಿ ತಿರುಗಿ ಪಡುವಣಕ್ಕೆ ಮುಖ ಮಾಡಿ ನಿಂತಳು. ಯಾರೂ ತಡೆಯಲಿಲ್ಲ, ಅವಳು ಆಗಲೇ ನಿಯಮದಿಂದ ಹೊರಗಾಗಿದ್ದಳು. ಆದರೆ ಅಷ್ಟರಲ್ಲಿ ಹಕ್ಕಿಗಳು ಗಿಡಗಳಿಗೆ ಇಳಿದು ಆಕಾಶ ಖಾಲಿಯಾಗಿತ್ತು.

ಮರುದಿನ ಸಂಕ್ರಾಂತಿ. ಕಿರಿಯರು ಹಿರಿಯರಿಗೆ ಕುಸುರೆಳ್ಳು ಕೊಟ್ಟು ಕಾಲು ಮುಟ್ಟಬೇಕು. ಸಾಲಿನಲ್ಲಿ ನಂದಕ್ಕನ ಪಾಳಿಯೂ ಬಂತು. ಹೊಸ ಲಂಗ ತೊಟ್ಟು, ಟ್ರಂಕಿನ ಪಕ್ಕ ನಿಂತಿದ್ದಳು. ನಾನು ಬಾಗಿ ಕಾಲು ಮುಟ್ಟಿದೆ. ಅವಳು ತಲೆಯ ಮೇಲೆ ಕೈಯಿಟ್ಟಳು.

“ಶ್ಯಾಣ್ಯಾಕಿ ಆಗು,” ಅಂದಳು.

ಮಧ್ಯಾಹ್ನದ ಬಸ್ಸಿಗೆ ಅಕ್ಕಲಕೋಟದ ಅಜ್ಜಿಯ ಹಿಂದೆ ಹೋದಳು. ಅಜ್ಜ ಬರೆದ ಕಾರ್ಡಿಗೆ ದೌಂಡಿನಿಂದ ಕಾಕಾನ ಉತ್ತರ ಒಂದೇ ಸಾಲಿನದು, ಹಿರಿಯರು ಮಾಡಿದ್ದು ಸರಿ ಎಂದು. ಅವಳು ಮತ್ತೆ ಸಾಲೆ ನೋಡಲಿಲ್ಲ. ನಾನು ಓದಿದೆ, ಮಾಸ್ತರಿಣಿ ಆದೆ. ಮೂಗು ಹಿಡಿದು ಹೊಡೆಸುವ ಪದ್ಧತಿಯನ್ನು ನನ್ನ ವರ್ಗದಲ್ಲಿಯೂ ಬಹಳ ವರ್ಷ ಇಟ್ಟುಕೊಂಡಿದ್ದೆ. ಅದರಿಂದ ಮಕ್ಕಳಿಗೆ ಮಗ್ಗಿ ಬರುತ್ತದೆ.

ಸಂಕ್ರಾಂತಿಯಾಗಿ ಮೂರು ವಾರಕ್ಕೆ ಸೀತನಿ ತಿನ್ನಲು ನಮ್ಮನ್ನೆಲ್ಲ ಹನ್ನೂರಿನ ಹೊಲಕ್ಕೆ ಕರೆದರು. ಹಾಲು ತುಂಬಿದ ಜೋಳದ ತೆನೆಯನ್ನು ಸಗಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಕೈಯಲ್ಲಿ ತಿಕ್ಕಿ ಉದುರಿಸಿ, ಹಿಂಡಿಯ ಜೊತೆ ತಿನ್ನುವುದು. ಹಿರಿಯರು ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂತರು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ. ಅದರ ಮೇಲೆ ನಂದಕ್ಕ, ಒಂದು ಕೈಯಲ್ಲಿ ಕವಣೆ, ಪಕ್ಕದಲ್ಲಿ ಕಲ್ಲಿನ ಗುಡ್ಡೆ, ಬಡಿಯಲು ತಗಡಿನ ಡಬ್ಬಿ. ಭೋರಡಿಗಳು ಹಗಲೆಲ್ಲ ತೆನೆಗಳ ಮೇಲೆ ಎರಗುತ್ತಿದ್ದವು, ಅವಳು ಕೂಗಿ ಎಬ್ಬಿಸುತ್ತಿದ್ದಳು. ಅವ್ವ ಬಟ್ಟೆಯಲ್ಲಿ ಸೀತನಿ ಕಟ್ಟಿ, ಹಿಂಡಿಯನ್ನು ಎರಡು ಹಿಡಿ ಹಾಕಿ, ನನ್ನ ಕೈಯಲ್ಲಿಟ್ಟಳು.

“ಒಯ್ದ ಕೊಡು. ನೀನs ಒಯ್ಯಿ.”

ನಂದಕ್ಕ ಅಟ್ಟದಿಂದ ಇಳಿದು ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಕವಣೆಯ ಹಗ್ಗ ಉಜ್ಜಿ ಅಂಗೈಯಲ್ಲಿ ಗೀರು ಬಿದ್ದಿದ್ದವು. ಗಂಟನ್ನು ತೆಗೆದುಕೊಂಡು ಬಿಚ್ಚಲಿಲ್ಲ. ಅಟ್ಟದ ಕಂಬದ ಬುಡದಲ್ಲಿ ಬಿದ್ದಿದ್ದ ಒಂದು ಹಕ್ಕಿಯನ್ನು ರೆಕ್ಕೆ ಹಿಡಿದು ಎತ್ತಿದಳು. ಅಂದು ಬೆಳಿಗ್ಗೆ ಅವಳ ಕಲ್ಲು ತಗಲಿ ಸತ್ತದ್ದು. ಮೈಯೆಲ್ಲ ಗುಲಾಬಿ, ತಲೆ ರೆಕ್ಕೆ ಕಪ್ಪು.

“ನೋಡ ಶಕ್ಕು. ಗುಲಾಬಿ ಪತ್ತಲಾ, ಕರೀ ಕುಬಸಾ. ಕೊಡದಾಗ ಇಷ್ಟ ಕಾಣತಿದ್ದಿಲ್ಲ. ಇದು ನಾಕನೇದ್ದು. ಮೊದಲ ಮೊದಲ ಕಲ್ಲ ಬ್ಯಾರೆ ಕಡೆ ಒಗೀತಿದ್ದೆ, ಅಕ್ಕಲಕೋಟದ ಅಜ್ಜಿ ಊಟಾ ಬಂದ್ ಮಾಡಿದ್ಳು.”

ಅವಳು ಹಕ್ಕಿಯನ್ನು ಕೆಳಗಿಟ್ಟು ಹತ್ತಿರ ಬಂದಳು.

“ಒಂದ ಕೇಳತೀನಿ, ಹೇಳ. ನಾನಂತೂ ನೋಡಲಿಲ್ಲ. ನೀ ಇಡೀ ಚಳಿಗಾಲ ಎದರಿಗೆ ನಿಂತಾಕಿ. ಸಂಜೀಕ ಕೆರಿ ಮ್ಯಾಲ ತಿರುಗಿ ತಿರುಗಿ ಗಿಡಕ್ಕ ಇಳಿಯೂ ಮುಂದ, ಎಲ್ಲಾ ಒಮ್ಮೆಲೆ ಇಳೀತಾವೋ, ಒಂದೊಂದs ಇಳೀತಾವೋ?”

ನೆನಪಿಸಿಕೊಳ್ಳಲು ನೋಡಿದೆ. ಎರಡು ತಿಂಗಳು ಪಡುವಣಕ್ಕೆ ಮುಖ ಮಾಡಿ ನಿಂತ ಸಂಜೆಗಳೆಲ್ಲ ಕಣ್ಣ ಮುಂದೆ ಬಂದವು. ಬಸುವಿನ ಕಿವಿ ಬಂತು. ನಂದಕ್ಕನ ಕತ್ತು ಬಂತು, ಅದರ ಮೇಲಿನ ಕರಿಮಣಿಯ ದಾರ ಬಂತು, ಮೇಲಕ್ಕೆ ಹೋಗುವ ಅವಳ ಕಣ್ಣಗೊಂಬೆಗಳು ಬಂದವು. ಹಕ್ಕಿ ಬರಲಿಲ್ಲ.

“ಒಮ್ಮೆಲೆ,” ಅಂದೆ.

ಅವಳು ನನ್ನ ಮುಖ ನೋಡುತ್ತಲೇ ಇದ್ದಳು.

“ಅಲ್ಲ, ಒಂದೊಂದು.”

“ನೀ ನೋಡೇ ಇಲ್ಲ,” ಅಂದಳು ನಂದಕ್ಕ. ಸಿಟ್ಟಿನಿಂದಲ್ಲ, ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಅಲ್ಲಿ ನಿಂತೂ ನೋಡಿಲ್ಲ.”

ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

“ನೀ ಬಾಗೂದು ಬ್ಯಾಡ,” ಅಂದಳು. “ಗಿಡ್ಡ ಅದಿ.”

ಎಡಗೈಯಿಂದ ನನ್ನ ಮೂಗು ಹಿಡಿದಳು. ಬೆರಳಿಗೆ ಸತ್ತ ಹಕ್ಕಿಯ ವಾಸನೆ ಇತ್ತು. ಕವಣೆ ಬೀಸಿ ಗಟ್ಟಿಯಾದ ಕೈಯಿಂದ ಒಂದೇ ಏಟು, ಮೆಲ್ಲಗಲ್ಲ. ಇನ್ನೊಮ್ಮೆ ಹೊಡೆಯುವ ಪ್ರಸಂಗ ಅವಳಿಗೂ ಬರಲಿಲ್ಲ. ಗಂಟು ಬಿಚ್ಚಿ, ಹಿಂಡಿಯನ್ನಷ್ಟು ತನ್ನ ಡಬ್ಬಿಯ ಮುಚ್ಚಳಕ್ಕೆ ಸುರಿದುಕೊಂಡು, ಸೀತನಿಯನ್ನು ಬಟ್ಟೆ ಸಮೇತ ನನ್ನ ಕೈಗೆ ತಿರುಗಿ ಕೊಟ್ಟಳು. ಅಟ್ಟ ಹತ್ತಿ ನಿಂತು ಕವಣೆಗೆ ಕಲ್ಲು ಹೂಡಿದಳು. ನಾನು ಜೋಳದ ಸಾಲಿನಲ್ಲಿ ಬೇವಿನ ಗಿಡದ ಕಡೆ ನಡೆದೆ. ಹಿಂದೆ ಅವಳು ಕೂಗಿದ್ದು ಕೇಳಿಸಿತು, ತಗಡು ಬಡಿದದ್ದು ಕೇಳಿಸಿತು, ಇಡೀ ಹೊಲದ ಹಕ್ಕಿ ಒಂದೇ ಸಲಕ್ಕೆ ಎದ್ದು ಬಟ್ಟೆ ಹರಿದಂತೆ ಸಪ್ಪಳವಾಯಿತು. ನಾನು ತಿರುಗಿ ನೋಡಲಿಲ್ಲ. ಎದುರಿಗೆ, ಗಿಡದ ಕೆಳಗೆ, ಅಜ್ಜ ಕೈಯಲ್ಲಿನ ತೆನೆ ಮರೆತು ತಲೆಯೆತ್ತಿ ನನ್ನ ಬೆನ್ನ ಹಿಂದಿನ ಆಕಾಶವನ್ನು ನೋಡುತ್ತಿದ್ದ. ಅವನ ಮುಖವನ್ನು ನೋಡುತ್ತಲೇ ನಾನು ಆ ಸಾಲನ್ನು ಮುಗಿಸಿದೆ.